ದೀಪ ಹಾಕಿಸುವ ಮುನ್ನ ಆಂಪಿಯರ್ ನೋಡಿ

ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಕಡೆ ಹೊರಡುವವರು ಬೈಕಿಗೆ ಜೋಡಿ ಎಲ್‌ಇಡಿ ಫಾಗ್ ಲೈಟ್ ಹಾಕಿಸುತ್ತಾರೆ. ಧಾರಾಳವಾಗಿ ಹಾಕಿಸಿ. ಆದರೆ ಅವು ಎಷ್ಟು ಕರೆಂಟ್ ಎಳೆಯುತ್ತವೆಂದು ಮೊದಲು ಲೆಕ್ಕ ಹಾಕಿ. ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 20 ವ್ಯಾಟಿನ ಎರಡು ದೀಪಗಳಿಗೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಬೇಕು.

ಡಬ್ಬಿಯ ಮೇಲೆ ಬರೆದಿರುವ ವ್ಯಾಟನ್ನು ಮಾತ್ರ ಪೂರ್ತಿ ನಂಬಬೇಡಿ. ಅಗ್ಗದ ಮಾಲಿನಲ್ಲಿ ಅದು ಎಷ್ಟೋ ಸಲ ಬರೀ ಜಂಬ. ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು, ದೀಪದ ವೈರಿನ ನಡುವೆ ಸೇರಿಸಿ ಅಳೆದರೆ ನಿಜ ತಿಳಿಯುತ್ತದೆ.

ಬೈಕು ಸಿಗ್ನಲ್ಲಿನಲ್ಲಿ ನಿಂತು ಗುರುಗುಟ್ಟುತ್ತಿರುವಾಗ ಎಂಜಿನ್ನು ಹುಟ್ಟಿಸುವ ಕರೆಂಟ್ ಕಡಿಮೆ. ಆಗ ಬೀಳುವ ಕೊರತೆಯನ್ನು ಬ್ಯಾಟರಿಯೇ ತುಂಬಬೇಕು. ಊರೊಳಗೆ ದಿನವೂ ಹೀಗೆ ಉರಿಸಿದರೆ ಒಂದು ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಅಲ್ಲಿ ಫಾಗ್ ಲೈಟಿನ ಕೆಲಸವೂ ಇಲ್ಲ ಬಿಡಿ.

ಹೆಡ್‌ಲೈಟ್ ವೈರನ್ನು ಕೆರೆದು ಜೋಡಿಸಲು ಬಿಡಬೇಡಿ. ಬ್ಯಾಟರಿಯಿಂದ ನೇರ ವೈರು, ರಿಲೇ, ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇರಲಿ. ಕೀ ತೆಗೆದರೆ ದೀಪ ಆರಬೇಕು. ಎದುರು ಬರುವವರ ಕಣ್ಣು ಕುಕ್ಕದಂತೆ ದೀಪಗಳನ್ನು ತುಸು ಕೆಳಮುಖವಾಗಿ ಕೂರಿಸಲು ಹೇಳಿ.