ಆಲೂಗೆಡ್ಡೆಯ ಜೊತೆಗೊಂದು ತೆಂಗಿನ ಸಸಿ

ಮಗಾ,

ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದು ಆಯ್ಕೆಗೆ ಕರೆದಿದೆ ಅಂತ ನೀನು ಫೋನಿನಲ್ಲಿ ಹೇಳಿದ ದಿನವೇ ನಿನ್ನಜ್ಜಿ ಹೊಳೆನರಸೀಪುರದ ನರಸಿಂಹಸ್ವಾಮಿಗೆ ಹರಕೆ ಹೊತ್ತಳು. ನಿಮ್ಮಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡು ಕೂತ. ಕಾಲೇಜು ಬಿಟ್ಟೇ ಹೋಗುತ್ತೇನೆ ಅಂತ ನಿನ್ನ ಹಟ, ಹೋಗಲೇಕೂಡದು ಅಂತ ಅವನ ಹಟ. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಅಂತ ವರ್ಗವಾಗುತ್ತಾ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದ ನನಗೆ ಇಬ್ಬರ ಮಾತಿನಲ್ಲೂ ಅರ್ಧರ್ಧ ಸರಿ ಕಾಣುತ್ತದೆ. ಹೋಗು, ಆಡು. ಆದರೆ ಒಬ್ಬನ ಕತೆ ಕೇಳಿಸಿಕೊಂಡು ಹೋಗು.

ಇಂಗ್ಲೆಂಡಿನಲ್ಲಿ ಡಿಕ್ಸಿ ಡೀನ್ ಅಂತ ಒಬ್ಬನಿದ್ದ. ಎರಡು ಮಹಾಯುದ್ಧಗಳ ನಡುವೆ ಎವರ್ಟನ್ ಕ್ಲಬ್ಬಿಗೆ ಆಡಿದವನು. 1927-28ರ ಲೀಗಿನಲ್ಲಿ 39 ಪಂದ್ಯ ಆಡಿ 60 ಗೋಲು ಹೊಡೆದ. ಆಗ ಅವನಿಗೆ ಇಪ್ಪತ್ತೊಂದು ವರ್ಷ, ಹೆಚ್ಚುಕಮ್ಮಿ ನಿನ್ನದೇ ವಯಸ್ಸು. ಇಂಗ್ಲೆಂಡಿನ ಮೊದಲ ದರ್ಜೆ ಲೀಗಿನಲ್ಲಿ ಒಂದೇ ಹಂಗಾಮಿಗೆ ಅಷ್ಟು ಗೋಲು ಹೊಡೆದವರು ಇವತ್ತಿಗೂ ಇನ್ನೊಬ್ಬರಿಲ್ಲ.

ಇಷ್ಟೆಲ್ಲ ಹೊಡೆದವನಿಗೆ ಸಿಕ್ಕಿದ್ದೇನು? ಆಗಿನ ಲೀಗಿನ ನಿಯಮದ ಪ್ರಕಾರ ಯಾವ ಆಟಗಾರನಿಗೂ ವಾರಕ್ಕೆ 8 ಪೌಂಡಿಗಿಂತ ಹೆಚ್ಚು ಕೊಡುವಂತಿರಲಿಲ್ಲ; ಬೇಸಿಗೆಯ ಬಿಡುವಿನಲ್ಲಿ 6 ಪೌಂಡ್. ಎವರ್ಟನ್ ಅವನನ್ನು ಹಳೆಯ ಕ್ಲಬ್ಬಿನಿಂದ 3,000 ಪೌಂಡಿಗೆ ಕೊಂಡಿತ್ತು; ಆ ದುಡ್ಡು ಹೋದದ್ದು ಆ ಕ್ಲಬ್ಬಿನ ಗಲ್ಲಾಪೆಟ್ಟಿಗೆಗೆ. ಕರಾರು ಮುಗಿದರೂ ಕ್ಲಬ್ಬು ಬಿಟ್ಟುಕೊಡದಿದ್ದರೆ ಆಟಗಾರ ಲೀಗಿನ ಬೇರೆ ಕ್ಲಬ್ಬಿಗೆ ಆಡುವಂತಿರಲಿಲ್ಲ. ಸಂತೆಯಲ್ಲಿ ಎತ್ತು ಕೈ ಬದಲಾಗುವಾಗ ಎತ್ತಿಗೆ ಸಿಗುವುದು ಹುಲ್ಲು ಮಾತ್ರ ತಾನೆ? ಆ ಸಂಬಳದ ಮಿತಿ ತೆಗೆದದ್ದು 1961ರಲ್ಲಿ. ಅಷ್ಟರಲ್ಲಿ ಡೀನ್ ಬೂಟು ಬಿಚ್ಚಿ ಎಷ್ಟೋ ವರ್ಷವಾಗಿತ್ತು.

1938ರಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಎವರ್ಟನ್ ಅವನನ್ನು ಬಿಟ್ಟುಕೊಟ್ಟಿತು. ಯುದ್ಧ ಮುಗಿದ ಮೇಲೆ ಚೆಸ್ಟರ್ ಊರಿನಲ್ಲಿ ಹೆಂಡದಂಗಡಿ ನಡೆಸಿಕೊಂಡು ಬದುಕಿದ. ದುಡಿದು ತಿಂದ, ಅದರಲ್ಲಿ ನಾಚಿಕೆಪಡುವುದೇನೂ ಇಲ್ಲ. ನಾನು ಹೇಳುವುದಿಷ್ಟೆ: ಅರವತ್ತು ಗೋಲಿನ ಸರದಾರನಿಗೂ ಮೂವತ್ತು ದಾಟಿದ ಮೇಲೆ ಬೇರೊಂದು ಕಸುಬು ಬೇಕಾಯಿತು.

ಆಟ ಅಂದರೆ ನಮ್ಮ ಆಲೂಗೆಡ್ಡೆ ಬೆಳೆ, ಮಗಾ. ಮುಂಗಾರಿಗೆ ಬಿತ್ತಿದರೆ ಮೂರು ತಿಂಗಳಿಗೆ ಕೈಗೆ ಕಾಸು. ದರ ಸಿಕ್ಕಿದ ವರ್ಷ ಮನೆಗೆ ಹೆಂಚು ಹೊದಿಸಿದವರಿದ್ದಾರೆ. ಅಂಗಮಾರಿ ಬಡಿದ ವರ್ಷ ಹೊಲಕ್ಕೆ ಹೊಲವೇ ಕಪ್ಪಾಗಿ ಬಿತ್ತನೆಯ ಸಾಲವೂ ತೀರದೆ ಕೂತವರಿದ್ದಾರೆ. ನಿನ್ನ ಆಟಕ್ಕೆ ಅಂಗಮಾರಿ ಬರುವುದು ಮಂಡಿಗೆ. ಒಂದು ಸಲ ಮಂಡಿ ತಿರುಚಿದರೆ ಸಾಕು. ಬುದ್ಧಿವಂತ ರೈತ ಏನು ಮಾಡುತ್ತಾನೆ? ಆಲೂಗೆಡ್ಡೆ ಹಾಕುವ ವರ್ಷವೇ ಬದುವಿನಲ್ಲಿ ನಾಲ್ಕು ತೆಂಗಿನ ಸಸಿಯನ್ನೂ ನೆಡುತ್ತಾನೆ. ಫಲಕ್ಕೆ ಆರೇಳು ವರ್ಷ ಕಾಯಬೇಕು ನಿಜ. ಬಂದ ಮೇಲೆ ಮೊಮ್ಮಕ್ಕಳ ಕಾಲಕ್ಕೂ ಕಾಯಿ ಕೊಡುತ್ತದೆ. ಚನ್ನರಾಯಪಟ್ಟಣದ ಕಡೆ ತೋಟದವರನ್ನು ಕೇಳಿ ನೋಡು.

ಹಾಗೆ ಎರಡನ್ನೂ ಬೆಳೆದವರು ನಮ್ಮಲ್ಲೇ ಇದ್ದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ನಮ್ಮ ಫುಟ್‌ಬಾಲ್ ತಂಡದಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಫ್ರಾನ್ಸ್ ಎದುರು 2-1ರಿಂದ ಸೋತೆವು. ನಮ್ಮ ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ತಂಡದ ನಾಯಕ ತಾಲಿಮೆರೆನ್ ಆವ್, ನಾಗಾ ನಾಡಿನವರು. ಕಲ್ಕತ್ತದಲ್ಲಿ ವೈದ್ಯಕೀಯ ಓದುತ್ತಲೇ ಮೋಹನ್ ಬಾಗಾನ್‌ಗೆ ಆಡುತ್ತಿದ್ದರು. ದೇಶದ ನಾಯಕನಾದೆ ಅಂತ ಓದು ಬಿಡಲಿಲ್ಲ. ಡಾಕ್ಟರಾಗಿ ಊರಿಗೆ ಮರಳಿ ತಮ್ಮ ಜನರ ಸೇವೆ ಮಾಡಿದರು.

ಅಷ್ಟು ದೂರ ಯಾಕೆ, ನಮ್ಮ ಜಾವಗಲ್ ಶ್ರೀನಾಥ್ ಇಲ್ಲವೆ? ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಹುಡುಗ ಟೆಸ್ಟ್‌ನಲ್ಲಿ 236 ವಿಕೆಟ್ ತೆಗೆದ. 2003ರಲ್ಲಿ ಚೆಂಡು ಕೆಳಗಿಟ್ಟ; 2006ರಿಂದ ಮ್ಯಾಚ್ ರೆಫರಿಯಾಗಿ ಅದೇ ಮೈದಾನಕ್ಕೆ ಮರಳಿದ. ವೇಗದ ತೋಳು ಸೋತರೂ ನಿಯಮ ಬಲ್ಲ ತಲೆಗೆ ಕೆಲಸ ಇತ್ತು.

ಕರಾರು ಪತ್ರ ಕೊಟ್ಟರೆ ಅವತ್ತೇ ರುಜು ಹಾಕಬೇಡ. ಮನೆಗೆ ತಾ, ತಿಳಿದವರಿಗೆ ತೋರಿಸೋಣ. ಪೆಟ್ಟು ಬಿದ್ದರೆ ಆಸ್ಪತ್ರೆ ಖರ್ಚು ಯಾರದು, ಮಧ್ಯದಲ್ಲಿ ಕೈಬಿಟ್ಟರೆ ಏನು ಗತಿ, ಈ ಎರಡು ಸಾಲು ಅದರಲ್ಲಿ ಎಲ್ಲಿವೆ ಅಂತ ಮೊದಲು ಹುಡುಕು. ಬೆಂಗಳೂರಿನಲ್ಲಿ ಗೆಳೆಯರ ಬೈಕ್ ಮೇಲೆ ಹಾರಾಡಬೇಡ. ಡೀನ್ ಹತ್ತೊಂಬತ್ತನೇ ವಯಸ್ಸಿಗೆ ಬೈಕ್ ಅಪಘಾತದಲ್ಲಿ ತಲೆಬುರುಡೆ ಒಡೆದುಕೊಂಡು ಹೇಗೋ ಬದುಕಿ ಬಂದವನು. ಎಲ್ಲರಿಗೂ ಆ ಆಯಸ್ಸು ಇರುವುದಿಲ್ಲ.

ನಿಮ್ಮಪ್ಪನನ್ನು ನಾನು ಒಪ್ಪಿಸುತ್ತೇನೆ. ನಿನ್ನಿಂದ ಒಂದೇ ಕೆಲಸ ಆಗಬೇಕು: ಬೆಂಗಳೂರಿನ ಬಸ್ಸು ಹತ್ತುವ ಮೊದಲು ಕಾಲೇಜಿಗೆ ಹೋಗಿ ಈ ವರ್ಷದ ಪರೀಕ್ಷೆ ಫೀಸು ಕಟ್ಟಿ ಬಾ. ರಸೀದಿಯನ್ನು ಅಜ್ಜಿಯ ಕೈಗೆ ಕೊಡು.