ತಲೆಸುತ್ತಿಗೆಲ್ಲ ಬ್ಯಾಲೆನ್ಸ್ ಟೆಸ್ಟ್ ಬೇಕೆ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಅರೆನಿಮಿಷ ಕೋಣೆಯೇ ಗಿರ್ರನೆ ತಿರುಗುತ್ತದಂತೆ. ವಿಎನ್‌ಜಿ ಎಂಬ ಬ್ಯಾಲೆನ್ಸ್ ಟೆಸ್ಟ್ ಮಾಡಿಸಲೇಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಇದು ಒಳಗಿವಿಯ ಕ್ಯಾಲ್ಸಿಯಂ ಹರಳು ಜಾರಿ ಬರುವ ಬಿಪಿಪಿವಿ ಎಂಬ ತಲೆಸುತ್ತು ಇರಬಹುದು. ಇಎನ್‌ಟಿ ವೈದ್ಯರು ತಲೆಯನ್ನು ಪಕ್ಕಕ್ಕೆ ತಿರುಗಿಸಿ ಥಟ್ಟನೆ ಮಲಗಿಸಿ, ಕಣ್ಣುಗುಡ್ಡೆಯ ಅದುರಾಟ ನೋಡಿಯೇ ಗುರುತಿಸುತ್ತಾರೆ. ಅಲ್ಲೇ ಎಪ್ಲಿ ವಿಧಾನದಿಂದ ಹರಳನ್ನು ಸರಿಸುತ್ತಾರೆ. ಕುತ್ತಿಗೆ ನೋವಿದ್ದರೆ ಮೊದಲೇ ತಿಳಿಸಿ. ಇಷ್ಟಾದರೂ ಗುಣವಾಗದಿದ್ದರೆ, ಕಿವಿ ಮಂದವಾಗುತ್ತಿದ್ದರೆ, ನಡೆಯುವಾಗ ಸದಾ ಓಲಾಡುವಂತಿದ್ದರೆ ಆಗ ವಿಎನ್‌ಜಿ ಮಾಡಿಸಿ. ತಲೆಸುತ್ತಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿಸಬೇಡಿ (ಇದೇ ಹೆಚ್ಚು ನಡೆಯುವುದು!). ಮಾತು ತೊದಲಿದರೆ, ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ ಮಾತ್ರ ಯಾವ ಪರೀಕ್ಷೆಗೂ ಕಾಯದೆ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.