ಎಣ್ಣೆ ಸೋರುವುದು ಎಲ್ಲಿಂದ?

ಮಳೆಗಾಲದಲ್ಲಿ ಹೆಂಚಿನ ಮನೆ ಸೋರುವುದನ್ನು ವಾಚಕರು ಕಂಡಿರಬಹುದು. ನೀರು ತೊಟ್ಟಿಕ್ಕುವುದು ನಡುಮನೆಯಲ್ಲಿ. ಒಡೆದ ಹೆಂಚು ಇರುವುದು ಎಷ್ಟೋ ಮೇಲೆ. ಪಕಾಸಿಯ ಗುಂಟ ಹರಿದುಬಂದ ನೀರು ಮತ್ತೆಲ್ಲಿಯೋ ಬೀಳುತ್ತದೆ. ಸಣ್ಣ ವಿಮಾನದ ಇಂಜಿನ್ನಿನಿಂದ ಎಣ್ಣೆ ಸೋರುವ ಬಗೆಯೂ ಇಂಥದೇ.

1958ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನವನ್ನೇ ತೆಗೆದುಕೊಳ್ಳೋಣ. ಅದರದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನ್ನು. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿವೆ. ಮುಂದಿನಿಂದ ನುಗ್ಗುವ ಗಾಳಿಯೇ ಅವನ್ನು ತಂಪುಗೊಳಿಸುತ್ತದೆ. ಎಣ್ಣೆ ತೊಟ್ಟು ಹೊರಬಂದೊಡನೆ ಈ ಗಾಳಿ ಅದನ್ನು ಹಿಂದಕ್ಕೆ ಹರಡಿ, ಇಂಜಿನ್ನಿನ ಬೆನ್ನನ್ನೆಲ್ಲ ಜಿಡ್ಡಾಗಿಸುತ್ತದೆ. ಆದುದರಿಂದ ಒದ್ದೆಯಾದ ಭಾಗದ ಅತ್ಯಂತ ಮುಂದಿನ, ಅತ್ಯಂತ ಮೇಲಿನ ತುದಿಯನ್ನು ಹುಡುಕುವುದು ಮೊದಲ ನಿಯಮ.

ಇದು ಕೇವಲ ಶುಚಿತ್ವದ ಪ್ರಶ್ನೆಯಲ್ಲ. ಎಣ್ಣೆ ತೀರಿದರೆ ಬೇರಿಂಗುಗಳು ಒಣಗಿ ಇಂಜಿನ್ನು ಆಕಾಶದಲ್ಲಿಯೇ ಸ್ತಬ್ಧವಾದೀತು; ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿ ಹತ್ತೀತು.

ಶೋಧನೆಯ ಕ್ರಮ ಸರಳ. ಇಂಜಿನ್ನನ್ನು ಚೆನ್ನಾಗಿ ತೊಳೆದು ಒಣಗಿಸಬೇಕು. ಕೆಲವು ನಿಮಿಷ ಮಾತ್ರ ಓಡಿಸಿ, ನಿಲ್ಲಿಸಿ, ದೀಪ ಹಿಡಿದು ನೋಡಬೇಕು. ಕವಾಟಗಳ ಮುಚ್ಚಳ, ತಳ್ಳುಕಡ್ಡಿಗಳ ಕೊಳವೆ, ಮ್ಯಾಗ್ನೆಟೊ ಕೂರುವ ಜಾಗ, ಒತ್ತಡಮಾಪಕದ ನಳಿಗೆ, ಪ್ರೊಪೆಲರಿನ ಹಿಂದಿನ ಸೀಲು—ಇವು ಸಾಮಾನ್ಯವಾಗಿ ಸೋರುವ ಎಡೆಗಳು. ಕಣ್ಣಿಗೆ ಬೀಳದಿದ್ದರೆ ಬಿಳಿಯ ಪುಡಿಯನ್ನು ತೆಳುವಾಗಿ ಉದುರಿಸುವುದುಂಟು; ಎಣ್ಣೆ ಒಸರಿದಲ್ಲಿ ಪುಡಿ ಕಪ್ಪಾಗುತ್ತದೆ. ಎಣ್ಣೆಗೆ ವಿಶೇಷ ಬಣ್ಣ ಬೆರೆಸಿ ಅತಿನೇರಳೆ ದೀಪ ಹಿಡಿದರೆ ಸೋರಿಕೆಯ ಜಾಡು ಹೊಳೆಯುತ್ತದೆ.

ಇಷ್ಟಾದರೂ ಕೆಲವು ಸೋರಿಕೆಗಳು ಹಟಮಾರಿ. ಪ್ರೊಪೆಲರಿನ ಹಿಂದಿನ ಸೀಲನ್ನು ಬದಲಿಸಿದರೂ ಕೆಲವೇ ಗಂಟೆಗಳ ಹಾರಾಟದಲ್ಲಿ ಎಣ್ಣೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಗಾದರೆ ತಪ್ಪು ಸೀಲಿನದೆ?

ಪ್ರೆಷರ್ ಕುಕ್ಕರಿನ ಆವಿಕೊಳವೆ ಕಟ್ಟಿಕೊಂಡರೆ ಆವಿಯು ರಬ್ಬರು ಉಂಗುರದ ಬಳಿ ನುಗ್ಗುತ್ತದೆ. ಆಗ ಉಂಗುರ ಬದಲಿಸಿ ಪ್ರಯೋಜನವಿಲ್ಲ. ಇಂಜಿನ್ನಿನಲ್ಲಿಯೂ ಉರಿದ ಅನಿಲದ ಅಲ್ಪಾಂಶ ಪಿಸ್ಟನ್ ಉಂಗುರಗಳ ಪಕ್ಕದಿಂದ ನುಸುಳಿ ಕ್ರ್ಯಾಂಕ್ ಪೆಟ್ಟಿಗೆಯನ್ನು ಸೇರುತ್ತದೆ. ಅದು ಹೊರಹೋಗಲು ಒಂದು ಉಸಿರುಕೊಳವೆಯುಂಟು. ಈ ಕೊಳವೆ ಕಟ್ಟಿಕೊಂಡರೆ, ಅಥವಾ ಉಂಗುರಗಳು ಸವೆದು ಅನಿಲ ಮಿತಿಮೀರಿದರೆ, ಪೆಟ್ಟಿಗೆಯೊಳಗೆ ಒತ್ತಡ ಬೆಳೆದು ಎಣ್ಣೆಯನ್ನು ಸೀಲಿನಾಚೆಗೆ ದೂಡುತ್ತದೆ. ಶೀತದೇಶಗಳಲ್ಲಿ ಅನಿಲದೊಳಗಿನ ನೀರಾವಿ ಕೊಳವೆಯ ಬಾಯಲ್ಲಿ ಹಿಮಗಟ್ಟಿ ಸೀಲೇ ಕಿತ್ತುಬರುವುದುಂಟು. ಇದನ್ನು ತಪ್ಪಿಸಲು ಅನೇಕ ವಿಮಾನಗಳಲ್ಲಿ ಕೊಳವೆಯ ಬೆಚ್ಚಗಿನ ಭಾಗದಲ್ಲಿ ಇನ್ನೊಂದು ಸಣ್ಣ ರಂಧ್ರವಿರುತ್ತದೆ.

ಕೊಳವೆ ಶುಭ್ರವಾಗಿದ್ದರೆ ಉಂಗುರಗಳನ್ನು ಪರೀಕ್ಷಿಸಬೇಕು. ಕವಾಟಗಳೆರಡೂ ಮುಚ್ಚಿರುವಾಗ, ಪ್ರೊಪೆಲರು ತಿರುಗದಂತೆ ಭದ್ರವಾಗಿ ಹಿಡಿದು, ಚದರ ಅಂಗುಲಕ್ಕೆ 80 ಪೌಂಡು ಒತ್ತಡದ ಗಾಳಿಯನ್ನು ಕಿರುರಂಧ್ರದ ಮೂಲಕ ಸಿಲಿಂಡರಿಗೆ ಕೊಡುತ್ತಾರೆ. ಒಳಗೆ ಉಳಿಯುವ ಒತ್ತಡವನ್ನು ಎರಡನೆಯ ಮಾಪಕ ತೋರಿಸುತ್ತದೆ. ಅನಂತರ ಕಿವಿಗೊಡಬೇಕು: ಹೊಗೆಕೊಳವೆಯಲ್ಲಿ ಬುಸುಗುಟ್ಟಿದರೆ ನಿರ್ಗಮ ಕವಾಟ, ಕಾರ್ಬ್ಯುರೇಟರಿನಲ್ಲಾದರೆ ಆಗಮ ಕವಾಟ, ಎಣ್ಣೆ ತುಂಬುವ ಬಾಯಲ್ಲಿ ಜೋರಾಗಿ ಕೇಳಿಸಿದರೆ ಉಂಗುರಗಳು ಸೋರುತ್ತಿವೆ.

ಎಣ್ಣೆ ಕಂಡ ಎಡೆಯನ್ನಷ್ಟೇ ದುರಸ್ತಿ ಮಾಡಿದವನಿಗೆ ಕೆಲಸ ಮರಳಿ ಬರುತ್ತದೆ. ಎಣ್ಣೆಯನ್ನು ಅಲ್ಲಿಗೆ ತಳ್ಳಿದ ಶಕ್ತಿ ಯಾವುದೆಂದು ಕೇಳಿದವನು ಮಾತ್ರ ಅದನ್ನು ಮುಗಿಸಬಲ್ಲನು.